ಒಂದು ಚೌಕ, ಒಂದು ಗುಂಟೆ: ಕೋಪರ್ನಿಕಸ್ ಬ್ರೌಸರ್ ಬಳಕೆದಾರಳ ವಿಮರ್ಶೆ

ಉಪಗ್ರಹ ಚಿತ್ರ ಬೇಕು ಅಂತ ಯಾರಾದರೂ ಆಫೀಸಿಗೆ ಬಂದರೆ ನಾನು ಮೊದಲು ತೆರೆದು ತೋರಿಸುವುದು ಕೋಪರ್ನಿಕಸ್ ಬ್ರೌಸರ್ ಅನ್ನುವ ವೆಬ್‌ಸೈಟ್. ದುಡ್ಡು ಕೊಟ್ಟು ತಗೊಳ್ಳುವ ಸೇವೆಗಳೂ ಗೊತ್ತು, ನಮ್ಮ ದೇಶದ ಉಪಗ್ರಹ ಚಿತ್ರಗಳ ತಾಣ ಭೂನಿಧಿಯೂ ಗೊತ್ತು. ಆದರೂ ದಿನನಿತ್ಯದ ಕೆಲಸಕ್ಕೆ ಇದರಷ್ಟು ನಂಬಿಕೆಯಿಂದ ಬಳಸುವ ಸೇವೆ ನನಗೆ ಇನ್ನೊಂದಿಲ್ಲ. ಉಚಿತ ಅನ್ನುವುದು ಸಣ್ಣ ಕಾರಣ. ಉಪಗ್ರಹ ಕಂಡದ್ದು ನಮ್ಮ ಕೈಗೆ ಬರುವ ಮುಂಚೆ ಮಾಡಬೇಕಾದ ಸಂಸ್ಕರಣೆಯನ್ನೆಲ್ಲ ಮಾಡಿ, ಏನೇನು ಮಾಡಿದ್ದೇವೆ ಅಂತ ಬರೆದೂ ಕೊಡುತ್ತಾರೆ. ಅದೇ ದೊಡ್ಡ ಕಾರಣ.

ನನ್ನದು ಯಲಹಂಕ ನ್ಯೂಟೌನ್‌ನಲ್ಲಿ ಒಂದು ಸಣ್ಣ ಆಫೀಸು. ನಕ್ಷೆ ಮಾಡಿಕೊಡುವ ಕೆಲಸ. ಕೆರೆ ಉಳಿಸಿಕೊಳ್ಳಲು ಓಡಾಡುವ ಬಡಾವಣೆಯ ಜನ ಬರುತ್ತಾರೆ. ದೇವನಹಳ್ಳಿ ಕಡೆಯ ದ್ರಾಕ್ಷಿ ಬೆಳೆಗಾರರು ಬರುತ್ತಾರೆ. ಕೋಲಾರದಿಂದಲೂ ಬರುವವರಿದ್ದಾರೆ. ಎಲ್ಲರ ಪ್ರಶ್ನೆಯೂ ಹೆಚ್ಚೂಕಡಿಮೆ ಒಂದೇ: ಆಗ ಹೇಗಿತ್ತು, ಈಗ ಹೇಗಿದೆ? ಎರಡನ್ನೂ ಹೋಲಿಸಬೇಕಾದರೆ ಎರಡೂ ಚಿತ್ರ ಒಂದೇ ಅಳತೆಯಲ್ಲಿ ಸಿಗಬೇಕು, ಯಾವ ದಿನದ್ದು ಅಂತ ಗೊತ್ತಿರಬೇಕು. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಎಷ್ಟೋ ಕಡೆ ಇದೇ ಸಿಗುವುದಿಲ್ಲ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಕೋಪರ್ನಿಕಸ್ ಅನ್ನುವುದು ಯುರೋಪಿಯನ್ ಒಕ್ಕೂಟದ ಭೂ ವೀಕ್ಷಣೆಯ ಕಾರ್ಯಕ್ರಮ. ಅದರ ಉಪಗ್ರಹಗಳಿಗೆ ಸೆಂಟಿನೆಲ್ ಅಂತ ಹೆಸರು. ನನ್ನ ಕೆಲಸಕ್ಕೆ ಜಾಸ್ತಿ ಬೇಕಾಗುವುದು ಸೆಂಟಿನೆಲ್-2. 2ಎ ಹಾರಿದ್ದು 2015ರ ಜೂನ್‌ನಲ್ಲಿ, 2ಬಿ 2017ರ ಮಾರ್ಚ್‌ನಲ್ಲಿ, 2ಸಿ 2024ರ ಸೆಪ್ಟೆಂಬರ್‌ನಲ್ಲಿ. ಒಂದು ಸಲ ಹಾದು ಹೋದರೆ 290 ಕಿಲೋಮೀಟರ್ ಅಗಲದ ಪಟ್ಟಿ ಸೆರೆಯಾಗುತ್ತದೆ. ಎರಡು ಉಪಗ್ರಹ ಸೇರಿ ಒಂದು ಜಾಗವನ್ನು 5 ದಿನಕ್ಕೊಮ್ಮೆ ನೋಡುತ್ತವೆ. ಬೆಂಗಳೂರಿನ ಮೇಲೆ ಹಾದು ಹೋಗುವುದು ಬೆಳಿಗ್ಗೆ ಹನ್ನೊಂದರ ಆಸುಪಾಸು. ಸೆರೆಯಾದದ್ದನ್ನು ನಾರ್ವೆಯ ಸ್ವಾಲ್ಬಾರ್ಡ್, ಇಟಲಿಯ ಮಟೇರಾ, ಸ್ಪೇನಿನ ಮಾಸ್ಪಲೋಮಾಸ್‌ನಂಥ ನೆಲ ನಿಲ್ದಾಣಗಳು ಇಳಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಒಂದು ದಿನದೊಳಗೆ ಅದು ನಮ್ಮ ಕಂಪ್ಯೂಟರಿಗೆ ಸಿಗುತ್ತದೆ. ಮೊದಲು ಓಪನ್ ಆಕ್ಸೆಸ್ ಹಬ್ ಅಂತ ಇತ್ತು. 2023ರಲ್ಲಿ ಅದನ್ನು ಮುಚ್ಚಿ ಡೇಟಾ ಸ್ಪೇಸ್ ಇಕೋಸಿಸ್ಟಂ ಅನ್ನುವ ಹೊಸ ವ್ಯವಸ್ಥೆ ತಂದರು. ಬ್ರೌಸರ್ ಅದರ ಒಂದು ಭಾಗ.

ಪಿಕ್ಸೆಲ್, ಅಂದರೆ ಚಿತ್ರದ ಅತಿ ಸಣ್ಣ ಚೌಕ, 10 ಮೀಟರಿನದು ಅಂದರೆ ಬಂದವರಿಗೆ ಅಂದಾಜು ಸಿಗುವುದಿಲ್ಲ. ನಾನು ಗುಂಟೆ ಲೆಕ್ಕದಲ್ಲಿ ಹೇಳುತ್ತೇನೆ. ಉದ್ದ 10 ಮೀಟರ್, ಅಗಲ 10 ಮೀಟರ್, ಒಟ್ಟು 100 ಚದರ ಮೀಟರ್. ಒಂದು ಗುಂಟೆ 1,089 ಚದರ ಅಡಿ, ಅಂದರೆ 101 ಚದರ ಮೀಟರ್. ಹಾಗಾಗಿ ಪರದೆಯ ಮೇಲಿನ ಒಂದು ಚೌಕ ಅಂದರೆ ಒಂದು ಗುಂಟೆ. ಎಕರೆಗೆ 40 ಚೌಕ. ಇದನ್ನು ಹೇಳಿದ ಕೂಡಲೇ ರೈತರು ತಾವೇ ಎಣಿಸಲು ಶುರು ಮಾಡುತ್ತಾರೆ. ನಗರದವರಿಗಾದರೆ 30-40 ಸೈಟಿಗೆ ಒಂದು ಚೌಕಕ್ಕಿಂತ ಚೂರು ಜಾಸ್ತಿ ಅನ್ನುತ್ತೇನೆ.

ಈ ಲೆಕ್ಕ ಗೊತ್ತಾದರೆ ಏನು ಕೇಳಬಹುದು, ಏನು ಕೇಳಬಾರದು ಅನ್ನುವುದೂ ಗೊತ್ತಾಗುತ್ತದೆ. ಪಕ್ಕದ ಮನೆಯವರು ಕಾಂಪೌಂಡನ್ನು ಮೂರಡಿ ಈಚೆ ಕಟ್ಟಿದ್ದಾರಾ ಅಂತ ಇದರಲ್ಲಿ ಕಾಣುವುದಿಲ್ಲ. ಅರ್ಧ ಎಕರೆ ತೋಟಕ್ಕೆ 20 ಚೌಕ ಬರುತ್ತವೆ, ಆದರೆ ಅಂಚಿನ ಚೌಕಗಳಲ್ಲಿ ಪಕ್ಕದ ಹೊಲ, ಬದು, ರಸ್ತೆ ಎಲ್ಲ ಬೆರೆತಿರುತ್ತವೆ. ನಂಬಬಹುದಾದದ್ದು ಒಳಗಿನವು ಮಾತ್ರ. ಹತ್ತು ಗುಂಟೆಗಿಂತ ಚಿಕ್ಕ ತೋಟಕ್ಕೆ ನಾನು ಈ ಚಿತ್ರ ಬೇಡ ಅಂತಲೇ ಹೇಳಿ ಕಳಿಸುತ್ತೇನೆ. ಇನ್ನೊಂದು ವಿಷಯ: ಸೆಂಟಿನೆಲ್-2ರಲ್ಲಿ 13 ಬ್ಯಾಂಡ್ ಇವೆ (ಒಂದೊಂದು ಬ್ಯಾಂಡ್ ಒಂದೊಂದು ಬಗೆಯ ಬೆಳಕನ್ನು ಅಳೆಯುತ್ತದೆ), 10 ಮೀಟರ್ ಇರುವುದು ನಾಲ್ಕಕ್ಕೆ ಮಾತ್ರ. ನೀಲಿ, ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್. ಆರು ಬ್ಯಾಂಡ್ 20 ಮೀಟರಿನವು, ಅಂದರೆ ನಾಲ್ಕು ಗುಂಟೆಗೆ ಒಂದು ಚೌಕ. ಉಳಿದ ಮೂರು 60 ಮೀಟರ್. ಅವು ಗಾಳಿಯಲ್ಲಿ ಏನಿದೆ ಅಂತ ತಿಳಿಯಲು ಇಟ್ಟಿರುವುದು, ಹೊಲ ನೋಡಲು ಅಲ್ಲ.

ಈಗ ಸಂಸ್ಕರಣೆಯ ವಿಷಯ. ಇದನ್ನೇ ಜನ ಗಮನಿಸುವುದಿಲ್ಲ.

ಸೆಂಟಿನೆಲ್-2 ಇರುವುದು 786 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ನಮ್ಮ ತೋಟದವರೆಗೆ ಮಧ್ಯದಲ್ಲಿ ಧೂಳಿದೆ, ಹೊಗೆಯಿದೆ, ನೀರಿನ ಆವಿಯಿದೆ. ಜನವರಿಯ ಮಬ್ಬು ಕವಿದ ಬೆಳಿಗ್ಗೆ ತೆಗೆದ ಚಿತ್ರಕ್ಕೂ ಮಳೆ ಬಂದು ತೊಳೆದ ಮಾರನೇ ದಿನದ ಚಿತ್ರಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ, ತೋಟದಲ್ಲಿ ಏನೂ ಬದಲಾಗದಿದ್ದರೂ. ಲೆವೆಲ್-1ಸಿ ಅನ್ನುವ ಡೇಟಾದಲ್ಲಿ ಈ ಗಾಳಿಯ ಪಾಲೂ ಸೇರಿರುತ್ತದೆ. ಅದರಲ್ಲಿ ಜಾಗದ ಹೊಂದಾಣಿಕೆ ಮುಗಿದಿರುತ್ತದೆ, ಬೆಟ್ಟ ತಗ್ಗುಗಳಿಂದ ಆಗುವ ಓರೆಕೋರೆ ಸರಿಮಾಡಿರುತ್ತಾರೆ. ಲೆವೆಲ್-2ಎ ಅಂದರೆ ಗಾಳಿಯ ಪಾಲನ್ನೂ ಕಳೆದು ನೆಲದಿಂದ ಎಷ್ಟು ಬೆಳಕು ಪ್ರತಿಫಲಿಸಿತು ಅನ್ನುವುದನ್ನು ಮಾತ್ರ ಉಳಿಸಿದ್ದು. ಸೆನ್2ಕಾರ್ ಅನ್ನುವ ತಂತ್ರಾಂಶ ಈ ಕೆಲಸ ಮಾಡುತ್ತದೆ. ಜೊತೆಗೆ ಪ್ರತಿ ಚೌಕಕ್ಕೂ ಒಂದು ಗುರುತು ಹಾಕಿರುತ್ತದೆ: ಇದು ಮೋಡ, ಇದು ಮೋಡದ ನೆರಳು, ಇದು ಹಸಿರು, ಇದು ಬರಿ ನೆಲ, ಇದು ನೀರು ಅಂತ.

ಬ್ರೌಸರ್‌ನಲ್ಲಿ ಎರಡೂ ಲೆವೆಲ್ ಸಿಗುತ್ತವೆ. ಹೋಲಿಕೆಗೆ 2ಎ ತಗೊಳ್ಳಿ. ಸುಮ್ನೆ ಒಂದು ದಿನ ನೋಡಬೇಕಾದರೆ ಯಾವುದಾದರೂ ನಡೆಯುತ್ತದೆ.

ದುಡ್ಡು ಕೊಟ್ಟರೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಿಗಬಹುದು. ಆದರೆ ಒಂದು ಕಂಪನಿಯವರಿಂದ ನನ್ನ ಗಿರಾಕಿಯೊಬ್ಬರು ಚಿತ್ರ ಕೊಂಡು ತಂದಿದ್ದರು. ನೋಡಲು ಬಹಳ ಸ್ಪಷ್ಟ, ಮರದ ನೆರಳೂ ಕಾಣುತ್ತಿತ್ತು. ತೆರೆದು ನೋಡಿದರೆ ಅದು ಬರೀ ಜೆಪಿಜಿ. ಯಾವ ಉಪಗ್ರಹ ಅಂತ ಇಲ್ಲ. ಯಾವ ದಿನ ಅಂತ ಇಲ್ಲ. ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ ಇಲ್ಲ. ಫೋನ್ ಮಾಡಿ ಕೇಳಿದೆ. "ಕ್ಲಿಯರ್ ಆಗಿ ಕಾಣ್ತಿದೆಯಲ್ಲ ಮೇಡಂ, ಇನ್ನೇನು ಬೇಕು?" ಅಂದರು. ತಾರೀಖು ಕೊಡಿ ಅಂದರೆ "ರೀಸೆಂಟ್ ಮೇಡಂ" ಅನ್ನುವ ಉತ್ತರ. ಕೆರೆಯ ತಕರಾರಿನಲ್ಲಿ ಅಧಿಕಾರಿಗಳ ಮುಂದೆ ಇಡಬೇಕಾದ ಚಿತ್ರಕ್ಕೆ ತಾರೀಖೇ ಇಲ್ಲದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಆ ದುಡ್ಡು ದಂಡವಾಯಿತು. ಪಾಪ, ಅವರು ಬಡಾವಣೆಯವರ ಹತ್ತಿರ ಚಂದಾ ಎತ್ತಿ ಕೊಟ್ಟಿದ್ದ ದುಡ್ಡು ಅದು. ನನಗೆ ಇವತ್ತಿಗೂ ಅದರ ಬಗ್ಗೆ ಸಿಟ್ಟಿದೆ.

ಕೋಪರ್ನಿಕಸ್‌ನ ಫೈಲಿನ ಹೆಸರಲ್ಲೇ ಎಲ್ಲ ಬರೆದಿರುತ್ತದೆ. ಮೊದಲು ಯಾವ ಉಪಗ್ರಹ, ಆಮೇಲೆ ಯಾವ ಲೆವೆಲ್, ಆಮೇಲೆ ವರ್ಷ ತಿಂಗಳು ದಿನ, ಗಂಟೆ ನಿಮಿಷ ಸೆಕೆಂಡು. ಗಂಟೆ ಗ್ರೀನ್‌ವಿಚ್ ಲೆಕ್ಕದ್ದು, ನಮ್ಮ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ಮುಂದೆ ಟೈಲ್ ನಂಬರ್, ಅಂದರೆ ಭೂಮಿಯನ್ನು ದೊಡ್ಡ ಚೌಕಗಳಾಗಿ ಭಾಗ ಮಾಡಿದ್ದರಲ್ಲಿ ನಮ್ಮ ತುಂಡಿನ ಗುರುತು. ಬೆಂಗಳೂರಿನದು 43ಪಿಜಿಕ್ಯೂ. ಇದೊಂದನ್ನು ಬರೆದಿಟ್ಟುಕೊಳ್ಳಿ, ಹುಡುಕುವಾಗ ಉಪಯೋಗಕ್ಕೆ ಬರುತ್ತದೆ.

ದೇವನಹಳ್ಳಿ ಕಡೆಯ ಹಿರಿಯರೊಬ್ಬರು ಕೇಳಿದ್ದರು. "ಏನಮ್ಮ, ಗೂಗಲ್‌ನಾಗೇ ಕಾಣ್ತದಲ್ಲ ನಮ್ಮ ಬಾವಿ ಸಮೇತ. ಇದ್ರಾಗೆ ಬಾವೀನೇ ಕಾಣಾಕಿಲ್ಲ." ನ್ಯಾಯವಾದ ಪ್ರಶ್ನೆ ಅಲ್ವಾ? ಗೂಗಲ್ ಮ್ಯಾಪಿನ ಚಿತ್ರ ಬೇರೆ ಬೇರೆ ದಿನದ ತುಂಡುಗಳನ್ನು ಸೇರಿಸಿ ಹೊಲಿದದ್ದು. ಬಾವಿ ಎಲ್ಲಿದೆ ಅಂತ ನೋಡಲು ಅದೇ ಸರಿ. ಆದರೆ ಹೋದ ತಿಂಗಳು ಬಳ್ಳಿ ಎಷ್ಟು ಹಸಿರಾಗಿತ್ತು, ಈ ತಿಂಗಳು ಎಷ್ಟು ಅಂತ ಅದರಲ್ಲಿ ಅಳೆಯಲು ಆಗುವುದಿಲ್ಲ. ಅವರ ತೋಟದ ಸುತ್ತ ಗೆರೆ ಎಳೆದು ಎನ್‌ಡಿವಿಐ ಗ್ರಾಫ್ ತೆಗೆದು ತೋರಿಸಿದೆ. ಎನ್‌ಡಿವಿಐ ಅಂದರೆ ಹಸಿರಿನ ಸೂಚ್ಯಂಕ. ಎಲೆ ಕೆಂಪು ಬೆಳಕನ್ನು ಹೀರಿಕೊಂಡು ನಿಯರ್ ಇನ್‌ಫ್ರಾರೆಡ್ ಅನ್ನು ವಾಪಸ್ ಕಳಿಸುತ್ತದೆ, ಆ ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಇದು ಬರುತ್ತದೆ. ಗ್ರಾಫ್ ಒಂದು ಕಡೆ ದಡಕ್ಕನೆ ಕೆಳಗೆ ಬಿದ್ದಿತ್ತು. ಅವರು ಬೆರಳಿಟ್ಟು "ಇಲ್ಲೇ ಬಳ್ಳಿ ಕತ್ತರಿಸಿದ್ದು" ಅಂದರು. ತಾರೀಖೂ ಹೊಂದಿತು. ಅಲ್ಲಿಂದ ಮುಂದೆ ಅವರಿಗೆ ನಾನು ಏನನ್ನೂ ಒಪ್ಪಿಸಬೇಕಾಗಲಿಲ್ಲ.

ಹಳೆಯ ಸಂಗ್ರಹವೇ ಈ ಸೇವೆಯ ನಿಜವಾದ ಆಸ್ತಿ. ಕೆ.ಸಿ. ವ್ಯಾಲಿ ಯೋಜನೆ ನೋಡಿ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುವ ಯೋಜನೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಬ್ರೌಸರ್‌ನಲ್ಲಿ 2017ರ ಮಾರ್ಚ್‌ನ ಒಂದು ಚಿತ್ರ, 2020ರ ಮಾರ್ಚ್‌ನ ಒಂದು ಚಿತ್ರ ಪಿನ್ ಮಾಡಿ, ಕಂಪೇರ್ ಅನ್ನುವಲ್ಲಿ ಹಾಕಿ ಮಧ್ಯದ ಗೆರೆಯನ್ನು ಆಚೆ ಈಚೆ ಎಳೆಯಿರಿ. ಎರಡೂ ಬೇಸಿಗೆ, ಎರಡೂ ಮೋಡವಿಲ್ಲದ ಕಾಲ. ಹೋಲಿಕೆಗೆ ಒಂದೇ ಋತು ಆರಿಸಿಕೊಳ್ಳುವುದು ಮುಖ್ಯ, ಇಲ್ಲದಿದ್ದರೆ ಮಳೆಗಾಲದ ಕೆರೆಯನ್ನು ಬೇಸಿಗೆಯ ಕೆರೆ ಜೊತೆ ಹೋಲಿಸಿ ಏನೇನೋ ಹೇಳಿಬಿಡಬಹುದು. ಆ ನೀರಿನ ಗುಣಮಟ್ಟದ ಬಗ್ಗೆ ಕೋಲಾರದವರಿಗೆ ಇರುವ ಆತಂಕ ಬೇರೆ ವಿಷಯ. ಉಪಗ್ರಹ ಅದನ್ನು ಹೇಳುವುದಿಲ್ಲ. ನೀರು ಇದೆಯೋ ಇಲ್ಲವೋ, ಎಷ್ಟು ಎಕರೆ ಹರಡಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ.

ನೀರು ಇದೆಯೋ ಇಲ್ಲವೋ ಅನ್ನುವುದರಲ್ಲೂ ಬೆಂಗಳೂರಿನ ಕೆರೆಗಳು ಕಷ್ಟ ಕೊಡುತ್ತವೆ. ಬೆಳ್ಳಂದೂರು ಕೆರೆ ಸುಮಾರು 900 ಎಕರೆ, ನಮ್ಮ ಲೆಕ್ಕದಲ್ಲಿ 36,000 ಚೌಕ. ನೊರೆ ಎದ್ದು, 2017 ಮತ್ತು 2018ರಲ್ಲಿ ಬೆಂಕಿಯೂ ಹತ್ತಿಕೊಂಡು ಸುದ್ದಿಯಾದ ಕೆರೆ. ಅದರ ಹಳೆಯ ಚಿತ್ರಗಳಿಗೆ ಎನ್‌ಡಬ್ಲ್ಯೂಡಿಐ ಅನ್ನುವ ನೀರಿನ ಸೂಚ್ಯಂಕ ಹಾಕಿದರೆ ಕೆರೆಯ ದೊಡ್ಡ ಭಾಗ ನೆಲ ಅಂತ ಬರುತ್ತದೆ. ಕಾರಣ ಜೊಂಡು, ಅಂತರಗಂಗೆ. ಮೇಲೆ ಎಲೆ ಹರಡಿಕೊಂಡರೆ ಉಪಗ್ರಹಕ್ಕೆ ಕಾಣುವುದು ಎಲೆ. ಇದನ್ನು ತಿಳಿಯದೆ ಕೆರೆ ಕುಗ್ಗಿಹೋಯಿತು ಅಂತ ನಕ್ಷೆ ಮಾಡಿದರೆ ನಾಳೆ ಒತ್ತುವರಿ ಮಾಡುವವರಿಗೇ ಅದು ಸಾಕ್ಷಿಯಾಗುತ್ತದೆ. ಅಂಥ ಕಡೆ ಫಾಲ್ಸ್ ಕಲರ್, ಅಂದರೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಅನ್ನು ಕೆಂಪಾಗಿ ತೋರಿಸುವ ಆಯ್ಕೆ, ಹಾಕಿ ನೋಡಿ: ಜೊಂಡು ರಕ್ತಗೆಂಪು, ತೆರೆದ ನೀರು ಕಪ್ಪು, ಕಟ್ಟಡಗಳು ಬೂದು. ಕೆರೆಯ ಗಡಿಯನ್ನಂತೂ ಉಪಗ್ರಹದಿಂದ ತೆಗೆಯಲೇಬೇಡಿ. ಅದು ಗ್ರಾಮ ನಕ್ಷೆಯಿಂದ ಬರಬೇಕು. ದೊಡ್ಡಬೆಟ್ಟಹಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಮಾಡಿರುವ ದಿಶಾಂಕ್ ಆ್ಯಪ್ ಇದಕ್ಕೆ ಬಹಳ ಒಳ್ಳೆಯ ಜೊತೆ. ನಿಂತ ಜಾಗದ ಸರ್ವೆ ನಂಬರ್ ಫೋನಿನಲ್ಲೇ ತೋರಿಸುತ್ತದೆ. ಸರ್ವೆ ನಂಬರ್ ದಿಶಾಂಕ್‌ನಿಂದ, ಕಾಲಕಾಲದ ಸ್ಥಿತಿ ಕೋಪರ್ನಿಕಸ್‌ನಿಂದ. ನಾನು ಕೆರೆ ವರದಿ ಮಾಡುವುದು ಹೀಗೆ.

ಮೋಡದ ವಿಷಯದಲ್ಲಿ ಒಂದು ಕಿವಿಮಾತು. ಹುಡುಕುವಾಗ ಮೋಡದ ಶೇಕಡಾವಾರು ಕಡಿಮೆ ಇಟ್ಟರೆ ಒಳ್ಳೆಯ ಚಿತ್ರಗಳೂ ತಪ್ಪಿಹೋಗುತ್ತವೆ. ಆ ಶೇಕಡಾವಾರು ಇಡೀ ಟೈಲಿಗೆ ಸೇರಿದ್ದು. ಒಂದು ಟೈಲ್ ಅಂದರೆ ಹತ್ತಿರ ಹತ್ತಿರ 110 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಬೇರೆಲ್ಲೋ ಮೋಡ ಕವಿದು ಜಕ್ಕೂರಿನ ಮೇಲೆ ಬಿಸಿಲಿದ್ದರೂ ಆ ಚಿತ್ರ ಪಟ್ಟಿಯಲ್ಲಿ ಬರುವುದಿಲ್ಲ. ನಾನು ಶೇಕಡಾವಾರನ್ನು ಪೂರ್ತಿ ಬಿಟ್ಟು ಒಂದೊಂದೇ ಕಣ್ಣಿಂದ ನೋಡುತ್ತೇನೆ. ಇನ್ನು ಮೋಡದ ಗುರುತಿಗೂ ಒಂದು ಮಿತಿ ಇದೆ, ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವುದೇ: ತುಂಬಾ ಹೊಳೆಯುವ ಛಾವಣಿ ಕೆಲವೊಮ್ಮೆ ಮೋಡ ಅಂತ ಗುರುತಾಗುತ್ತದೆ, ಮೋಡದ ನೆರಳು ನೀರು ಅಂತ ಗುರುತಾಗುತ್ತದೆ. ಪೀಣ್ಯದ ಶೀಟ್ ಛಾವಣಿಗಳು, ದೊಡ್ಡಬಳ್ಳಾಪುರ ರಸ್ತೆಯ ಪಾಲಿಹೌಸ್‌ಗಳು ಇರುವ ಕಡೆ ಇದನ್ನು ನೆನಪಿಡಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಮೇಲೆ ಚೊಕ್ಕ ಚಿತ್ರ ಸಿಗುವುದು ಅಪರೂಪ. ಆಗ ಅದೇ ಬ್ರೌಸರ್‌ನಲ್ಲಿ ಸೆಂಟಿನೆಲ್-1ಕ್ಕೆ ಹೋಗಿ. ಅದು ರೇಡಾರ್. ತಾನೇ ಅಲೆ ಕಳಿಸಿ ವಾಪಸ್ ಬಂದದ್ದನ್ನು ಅಳೆಯುತ್ತದೆ, ಹಾಗಾಗಿ ಮೋಡ, ರಾತ್ರಿ ಯಾವುದೂ ಅಡ್ಡ ಬರುವುದಿಲ್ಲ. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಎಸೆಯುವುದರಿಂದ ಕಪ್ಪಗೆ ಕಾಣುತ್ತದೆ. ಗಾಳಿಗೆ ನೀರು ಕದಡಿದ್ದರೆ ಅಷ್ಟು ಕಪ್ಪು ಇರುವುದಿಲ್ಲ. ಮಳೆ ನೀರು ನುಗ್ಗಿದ ಬಡಾವಣೆಗಳಲ್ಲಿ ಮಾತ್ರ ಇದರಿಂದ ಜಾಸ್ತಿ ನಿರೀಕ್ಷೆ ಬೇಡ. ಕಟ್ಟಡಗಳ ಮಧ್ಯೆ ಅಲೆ ಪುಟಿದು ಪುಟಿದು ಬೆಳ್ಳಗೆ ಹೊಳೆಯುತ್ತದೆ, ರಸ್ತೆಯಲ್ಲಿ ನಿಂತ ನೀರು ಅದರಲ್ಲಿ ಮುಚ್ಚಿಹೋಗುತ್ತದೆ.

ಡೇಟಾ ಇಳಿಸಿಕೊಂಡು ತಾವೇ ಲೆಕ್ಕ ಹಾಕುವವರಿಗೆ ಒಂದು ಮುಖ್ಯ ಮಾತು. 2022ರ ಜನವರಿ 25ರಿಂದ ಸೆಂಟಿನೆಲ್-2ರ ಫೈಲಿನಲ್ಲಿ ಪ್ರತಿ ಚೌಕದ ಬೆಳಕಿಗೆ ಇರುವ ಸಂಖ್ಯೆಗಳಿಗೆಲ್ಲ 1000 ಕೂಡಿಸಿ ಕೊಡುತ್ತಿದ್ದಾರೆ. ಬಹಳ ಕಪ್ಪಾದ ಜಾಗದಲ್ಲಿ ತಿದ್ದುಪಡಿಯ ನಂತರ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋದರೂ ಕಳೆದುಹೋಗದಿರಲಿ ಅಂತ ಈ ಏರ್ಪಾಡು. ಬಳಸುವ ಮುಂಚೆ ನಾವು 1000 ಕಳೆದು 10,000ದಿಂದ ಭಾಗಿಸಬೇಕು. ಕಳೆಯದಿದ್ದರೆ ಏನಾಗುತ್ತದೆ ನೋಡಿ. ಒಂದು ಚೆನ್ನಾದ ದ್ರಾಕ್ಷಿ ತೋಟದಲ್ಲಿ ನಿಯರ್ ಇನ್‌ಫ್ರಾರೆಡ್ 3000, ಕೆಂಪು 500 ಇದೆ ಅನ್ನಿ. ವ್ಯತ್ಯಾಸ 2500, ಮೊತ್ತ 3500, ಎನ್‌ಡಿವಿಐ 0.71. ಫೈಲಿನಲ್ಲಿ ಅದೇ 4000 ಮತ್ತು 1500 ಅಂತ ಇರುತ್ತದೆ. ವ್ಯತ್ಯಾಸ ಅದೇ 2500, ಮೊತ್ತ ಮಾತ್ರ 5500. ಎನ್‌ಡಿವಿಐ 0.45ಕ್ಕೆ ಇಳಿಯುತ್ತದೆ! 2021ರ ಹಳೆಯ ಫೈಲಿನ ಜೊತೆ ಹೋಲಿಸಿದರೆ ತೋಟ ಒಣಗಿಹೋಗಿದೆ ಅನ್ನಿಸುತ್ತದೆ. ಫೈಲಿನ ಹೆಸರಿನ ಮಧ್ಯದಲ್ಲಿ ಎನ್ ಅಕ್ಷರದ ಪಕ್ಕ ನಾಲ್ಕು ಅಂಕಿ ಇರುತ್ತವೆ. 0400 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1000 ಕಳೆಯಿರಿ. ಹಳೆಯ ವರ್ಷಗಳ ಡೇಟಾವನ್ನೂ ಹೊಸ ವಿಧಾನದಲ್ಲಿ ಮತ್ತೆ ಸಂಸ್ಕರಿಸಿ ಇಟ್ಟಿದ್ದಾರೆ, ಅದಕ್ಕೇ ವರ್ಷ ನೋಡಬೇಡಿ, ಈ ಅಂಕಿ ನೋಡಿ. ಬ್ರೌಸರ್‌ನಲ್ಲೇ ಎನ್‌ಡಿವಿಐ ನೋಡುವವರಿಗೆ ಈ ತಲೆಬಿಸಿ ಇಲ್ಲ, ಅದು ತಾನೇ ಕಳೆದುಕೊಳ್ಳುತ್ತದೆ.

ಇಡೀ ಟೈಲ್ ಇಳಿಸಿದರೆ ಒಂದು ಜಿಬಿ ಆಸುಪಾಸು ಆಗುತ್ತದೆ. ಒಂದು ಕೆರೆಗೆ ಅಷ್ಟು ಬೇಡ. ಗಡಿಯನ್ನು ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಗೆರೆ ಎಳೆದು ಅಪ್‌ಲೋಡ್ ಮಾಡಿ, ಡೌನ್‌ಲೋಡ್‌ನಲ್ಲಿ ಅನಾಲಿಟಿಕಲ್ ಅನ್ನುವುದನ್ನು ಆರಿಸಿ, ಟಿಫ್ ತಗೊಳ್ಳಿ. ಅಷ್ಟೇ ಜಾಗದ್ದು ಬರುತ್ತದೆ.

ಭೂನಿಧಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ ಅದನ್ನು ನಡೆಸುತ್ತದೆ, ನಮ್ಮ ಉಪಗ್ರಹಗಳ ಡೇಟಾ ಇಳಿಯುವುದು ಅಲ್ಲೇ ಹತ್ತಿರದ ಶಾದ್‌ನಗರದಲ್ಲಿ. ಈ ಪರಂಪರೆ ಶುರುವಾದದ್ದು 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎಯಿಂದ. ಅದನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಕಡೆಯ ಯು.ಆರ್. ರಾವ್. ಅದರ ಲಿಸ್-1 ಕ್ಯಾಮೆರಾದ ಪಿಕ್ಸೆಲ್ 72.5 ಮೀಟರ್, ಅಂದರೆ ಒಂದು ಎಕರೆ ಹನ್ನೆರಡು ಗುಂಟೆಗೆ ಒಂದೇ ಚೌಕ. ಈಗಿನ ಉಪಗ್ರಹ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾ 5.8 ಮೀಟರಿನದು, ಒಂದು ಗುಂಟೆಗೆ ಮೂರು ಚೌಕ ಬರುತ್ತವೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ 5 ಮೀಟರ್ ಮತ್ತು ಅದಕ್ಕಿಂತ ದೊಡ್ಡ ಪಿಕ್ಸೆಲ್‌ನ ಡೇಟಾ ಎಲ್ಲರಿಗೂ ಉಚಿತವಾಗಿ ಸಿಗಬೇಕು. ಈ ಮಾತು ಓದಿದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು. ಸಣ್ಣ ಹಿಡುವಳಿಗಳೇ ಜಾಸ್ತಿ ಇರುವ ನಮ್ಮ ಕಡೆಗೆ ಲಿಸ್-4 ಹೇಳಿ ಮಾಡಿಸಿದ್ದು. ಆದರೆ ಅದರಲ್ಲಿ ನೀಲಿ ಬ್ಯಾಂಡ್ ಇಲ್ಲ, ಹಸಿರು, ಕೆಂಪು, ನಿಯರ್ ಇನ್‌ಫ್ರಾರೆಡ್ ಮೂರೇ. ಕಣ್ಣಿಗೆ ಕಾಣುವ ಸಹಜ ಬಣ್ಣದಲ್ಲಿ ಚಿತ್ರ ಬರುವುದಿಲ್ಲ. ಗಿಡ ಕೆಂಪಗೆ ಕಾಣುವುದಕ್ಕೆ ಅಭ್ಯಾಸವಿಲ್ಲದವರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ನಾನು ತೋಟದ ಗಡಿ, ಬದು, ಆಕಾರಕ್ಕೆ ಲಿಸ್-4 ಬಳಸುತ್ತೇನೆ, ಕಾಲಕ್ಕೆ ತಕ್ಕ ಬದಲಾವಣೆಗೆ ಸೆಂಟಿನೆಲ್. 2015ಕ್ಕಿಂತ ಹಿಂದೆ ಹೋಗಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಇದೆ, 2008ರಿಂದ ಉಚಿತ. ಲ್ಯಾಂಡ್‌ಸ್ಯಾಟ್-5ರ ಸಂಗ್ರಹ 1984ರಿಂದ ಶುರು. ಒಂದು ಚೌಕಕ್ಕೆ ಒಂಬತ್ತು ಗುಂಟೆ, ಆದರೆ ಇಷ್ಟು ಹಿಂದಿನ ಬೆಂಗಳೂರನ್ನು 30 ಮೀಟರ್ ವಿವರದಲ್ಲಿ ನೋಡಲು ನನಗೆ ಗೊತ್ತಿರುವ ದಾರಿ ಅದೊಂದೇ.

ಕೊರತೆ ಏನೂ ಇಲ್ಲವೇ? ಇದೆ. ಬ್ರೌಸರ್ ಕನ್ನಡದಲ್ಲಿ ಇಲ್ಲ. ಫೋನಿನ ಸಣ್ಣ ಪರದೆಯಲ್ಲಿ ಗೆರೆ ಎಳೆಯುವುದು ಕಷ್ಟ, ಲ್ಯಾಪ್‌ಟಾಪ್ ಬೇಕು. ಮೊದಲ ಸಲ ತೆರೆದವರಿಗೆ ಆಯ್ಕೆಗಳು ಜಾಸ್ತಿ ಅನ್ನಿಸುತ್ತವೆ.

ಹೊಸಬರು ಹೀಗೆ ಶುರು ಮಾಡಿ. ನೋಂದಣಿ ಮಾಡಿಕೊಳ್ಳಿ, ಬರೀ ಇಮೇಲ್ ಸಾಕು, ಕಾರ್ಡ್ ಕೇಳುವುದಿಲ್ಲ. ನಿಮ್ಮ ಮನೆ ಹತ್ತಿರದ ಕೆರೆಗೆ ಹೋಗಿ. ಸೆಂಟಿನೆಲ್-2, ಲೆವೆಲ್-2ಎ ಆರಿಸಿ. ಫೆಬ್ರವರಿಯ ಒಂದು ದಿನ ಹುಡುಕಿ, ಆಮೇಲೆ ಅದೇ ತಿಂಗಳನ್ನು 2019ರಲ್ಲಿ ನೋಡಿ. ಟ್ರೂ ಕಲರ್‌ನಲ್ಲಿ ಒಮ್ಮೆ, ಫಾಲ್ಸ್ ಕಲರ್‌ನಲ್ಲಿ ಒಮ್ಮೆ. ಎರಡರಲ್ಲೂ ಕೆರೆಯಂಗಳದ ಕೆಂಪು ಎಷ್ಟು, ಕಪ್ಪು ಎಷ್ಟು ಅಂತ ಗಮನಿಸಿ. ಅರ್ಥವಾಗದೇ ಹೋದರೆ ಚಿತ್ರದ ತಾರೀಖು, ಟೈಲ್ ನಂಬರ್ ಬರೆದು ಕೇಳಿ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.